ಮಹಡಿಯ ನೀಲಿ ಕೋಣೆ

ಹುಲುಗಣ್ಣ ಏಣಿಯ ಮೇಲೆ ನಿಂತು ಗಿಳಿಯ ಕೊಕ್ಕಿಗೆ ಕೆಂಪು ಹಚ್ಚುತ್ತಿದ್ದಾಗ ಭಾಗ್ಯ ಚಹಾ ಹಿಡಿದು ಮಹಡಿಗೆ ಬಂದಳು. ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಇಳಿದು ಹೋಗಬಹುದಿತ್ತು. ಹೋಗಲಿಲ್ಲ. ಗೋಡೆಗಳನ್ನು ಒಂದೊಂದಾಗಿ ನೋಡಿದಳು. ಎರಡು ಗೋಡೆ ಪೂರ್ತಿ ಆಕಾಶ. ಬಾಗಿಲ ಪಕ್ಕದ ಗೋಡೆಯ ಮೇಲೆ ಹೊಗೆ ಬಿಡುತ್ತಿರುವ ರೈಲು. ಅದರ ಕಿಟಕಿಗಳಿಂದ ಮೊಲ, ಆನೆ, ಕರಡಿ ಇಣುಕುತ್ತಿದ್ದವು. ಮಂಚ ಬರುವ ಕಡೆ ಗಿಳಿಗಳ ಮರ.

"ಹೆಂಗ ಬಂದೈತ್ರಿ ಅಕ್ಕಾರ?" ಎಂದ ಹುಲುಗಣ್ಣ, ಕುಂಚ ಎತ್ತದೆ.

"ಮೋಡ ಹತ್ತಿ ಅಂಡಿಗಿ ಕಂಡಂಗ ಐತಿ. ಜಿನ್ನಿಂಗ್ ಮಿಲ್‌ನ್ಯಾಗ ನಿಂತಂಗಾತು."

"ಮಿಲ್‌ನ ಗ್ವಾಡಿ ಬರದಾವನೂ ನಾನ ಅಲ್ಲೇನ್ರಿ? ಕೈಗೆ ರೂಢಿ ಬಿದ್ದೈತಿ" ಎಂದು ಅವನು ನಕ್ಕ.

ಭಾಗ್ಯಳಿಗೆ ನಗು ಬರಲಿಲ್ಲ. ಮೋಡ ಚೆನ್ನಾಗಿಯೇ ಇತ್ತು. ಅವಳ ಸಂಕಟವೂ ಅದೇ ಆಗಿತ್ತು.

ಅದು ೨೦೦೪ರ ಬೇಸಿಗೆ. ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೀಜ ಗೊಬ್ಬರದ ಅಂಗಡಿಯವರೆಂದು ಹೆಸರಾದ ಆ ಮನೆಗೆ ಇಬ್ಬರು ಸೊಸೆಯರು. ಭಾಗ್ಯ ಹಿರಿಯವಳು, ತಂಬ್ರಹಳ್ಳಿಯಿಂದ ಬಂದವಳು. ಮೈದುನ ಪ್ರವೀಣಕುಮಾರನ ಹೆಂಡತಿ ಅರ್ಚನಾ ದಾವಣಗೆರೆಯವಳು, ಬಿ.ಎಸ್ಸಿ. ಮುಗಿಸಿದವಳು. ಯಜಮಾನಿಕೆ ಇನ್ನೂ ಅತ್ತೆ ನಾಗಲಿಂಗಮ್ಮನದೇ. ಅಕ್ಕಿ ಅಳೆಯುವುದರಿಂದ ಹಿಡಿದು ಯಾರು ಎಲ್ಲಿ ಮಲಗಬೇಕು ಎಂಬುದರವರೆಗೆ ಆಕೆ ಹೇಳಿದಂತೆ.

ಮಹಡಿ ಕಟ್ಟಿಸಿದಾಗ ಆ ಚಿಕ್ಕ ಕೋಣೆಯನ್ನು ಭಾಗ್ಯ ತನ್ನ ಮಗಳು ಶಾಂಭವಿಗೆ ಕೇಳಿದ್ದಳು. ಹುಡುಗಿ ಹೈಸ್ಕೂಲು, ಓದಲು ಒಂದು ಮೂಲೆ ಬೇಕು ಎಂದಿದ್ದಳು. "ಹೆಣ್ಣು ಹುಡುಗಿಗೆ ಬ್ಯಾರೆ ಖೋಲಿ ಯಾಕಬೇ? ನಾಳೆ ಕೊಟ್ಟ ಮನಿಗೆ ಹೋಗಾಕಿ" ಎಂದಿದ್ದರು ನಾಗಲಿಂಗಮ್ಮ. ಶಾಂಭವಿಯ ಹಾಸಿಗೆ, ಪುಸ್ತಕಗಳು ಕೆಳಗೆ ಭಾಗ್ಯಳ ಕೋಣೆಯ ಮೂಲೆಯಲ್ಲೇ ಉಳಿದವು. ಈಗ ಅದೇ ಕೋಣೆ ಅರ್ಚನಾಳ ಮಗಳು ಸ್ಫೂರ್ತಿಗೆ ಸಿಕ್ಕಿತ್ತು. ಅವಳಿಗೆ ಐದು ವರ್ಷ. ಅವಳೂ ಹೆಣ್ಣೇ. ಅರ್ಚನಾ ಕೇಳಿದ್ದು ಇಷ್ಟೇ: "ಅತ್ತೆ, ಮಗು ಒಬ್ಳೇ ಮಲಗೋದು ಕಲೀಲಿ, ಧೈರ್ಯ ಬರ್ತೈತೆ." ಧೈರ್ಯ ಎಂಬ ಮಾತು ಅತ್ತೆಗೆ ಹಿಡಿಸಿಬಿಟ್ಟಿತ್ತು. ಎರಡು ವರ್ಷ ಹಿಂದೆ ತನಗೆ ಆ ಮಾತು ಹೊಳೆಯಲಿಲ್ಲವಲ್ಲ ಎಂದು ಭಾಗ್ಯ ರೊಟ್ಟಿ ಬಡಿಯುವಾಗ, ಬಟ್ಟೆ ಒಣಹಾಕುವಾಗ ಮತ್ತೆ ಮತ್ತೆ ನೆನೆದಳು.

ಕೆಲಸ ಮುಗಿದ ಮೇಲೆ ಬೀದಿಯ ಹೆಂಗಸರು ನೋಡಲು ಬಂದರು. ಅವರನ್ನು ಮಹಡಿಗೆ ಕರೆದೊಯ್ದು ತೋರಿಸುವ ಕೆಲಸವೂ ಹಿರಿಯ ಸೊಸೆಗೇ ಬಿತ್ತು. ಎದುರು ಮನೆಯ ಶಿವಬಸಮ್ಮ ರೈಲಿನ ಮುಂದೆ ನಿಂತು, "ಭಾಗ್ಯ, ನಿನ್ನ ಮಗಳ ಖೋಲಿ ಯಾವುದ?" ಎಂದು ಕೇಳಿದಳು.

"ಆಕಿಗೆ ಇಡೀ ಪಡಸಾಲಿ ಐತ್ರಿ" ಎಂದಳು ಭಾಗ್ಯ. ಶಿವಬಸಮ್ಮ ಸೆರಗು ಬಾಯಿಗೆ ಹಿಡಿದಳು. ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ.

ಶುಭದಿನವೆಂದು ಸೋಮವಾರ ರಾತ್ರಿ ಸ್ಫೂರ್ತಿಯನ್ನು ಕೋಣೆಯಲ್ಲಿ ಮಲಗಿಸಿದರು. ಎಣ್ಣೆ ಬಣ್ಣ ಇನ್ನೂ ಅಂಟಂಟಾಗಿತ್ತು. ಹೊರಗೆ ಗಾಳಿ ಎದ್ದಿತ್ತು. ಧೂಳು ಹಾರಿ ಗಿಳಿಗಳಿಗೆ ಮೆತ್ತಿಕೊಂಡೀತೆಂದು ಅರ್ಚನಾ ಕಿಟಕಿಗಳನ್ನು ಭದ್ರವಾಗಿ ಮುಚ್ಚಿದಳು. ಬೆಳಿಗ್ಗೆ ಮಗು ತಲೆ ಎತ್ತಲಾರದೆ ಹಾಸಿಗೆಯ ಮೇಲೇ ವಾಂತಿ ಮಾಡಿಕೊಂಡಿತು. ಕೆಳಗೆ ಕರೆತಂದ ಮೇಲೆ ಮತ್ತೊಮ್ಮೆ ಮಾಡಿತು.

ನಾಗಲಿಂಗಮ್ಮ ಮಗುವಿನ ಹಣೆ ಮುಟ್ಟಿ ನೋಡಿದರು. "ಇದು ಕಣ್ಣು. ಊರ ಮಂದಿ ಬಂದು ಬಂದು ಹೊಟ್ಟಿ ಉರಕೊಂಡು ಹೋಗ್ಯಾರ. ಭಾಗ್ಯ, ದೃಷ್ಟಿ ತೆಗಿ. ಘಾಟು ಬರಲಿಲ್ಲಂದ್ರ ನಾಳೆ ಹುಲುಗಣ್ಣಗ ಹೇಳಿ ಗ್ವಾಡಿಗೆಲ್ಲಾ ಬಿಳೀದು ಹೊಡಸ್ತೀನಿ. ಇಂಥಾ ಚಂದ ನಮಗ ಬ್ಯಾಡ."

ಬೀದಿಯ ಮಕ್ಕಳಿಗೆಲ್ಲ ದೃಷ್ಟಿ ತೆಗೆಯುವವಳು ಭಾಗ್ಯಳೇ. ಅವಳ ಕೈಗುಣ ಒಳ್ಳೆಯದೆಂಬ ಮಾತಿತ್ತು. ಉಪ್ಪು, ಸಾಸಿವೆ, ಒಣ ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮಗುವಿಗೆ ಮೂರು ಸುತ್ತು ಇಳಿ ತೆಗೆದು ಬೆಂಕಿಗೆ ಹಾಕುವುದು. ಘಾಟು ಎದ್ದು ಕೆಮ್ಮು ಬಂದರೆ ಕಣ್ಣಾಗಿಲ್ಲ. ಘಾಟು ಬರದಿದ್ದರೆ ಯಾರದೋ ಕಣ್ಣು ಬಿದ್ದಿದೆ.

ಅಡುಗೆಮನೆಯಲ್ಲಿ ಮೆಣಸಿನಕಾಯಿಯ ಡಬ್ಬಿ ಎರಡಿದ್ದವು. ಒಂದರಲ್ಲಿ ಬ್ಯಾಡಗಿ, ಬಣ್ಣಕ್ಕೆ. ಇನ್ನೊಂದರಲ್ಲಿ ಗುಂಟೂರು, ಖಾರಕ್ಕೆ. ಭಾಗ್ಯ ಎರಡರ ಮುಚ್ಚಳವನ್ನೂ ತೆಗೆದಳು. ಈ ತನಕ ಕೈಗೆ ಸಿಕ್ಕ ಡಬ್ಬಿಯಿಂದ ತೆಗೆದುಕೊಳ್ಳುತ್ತಿದ್ದಳು. ಯಾವುದು ಎಂದು ಯೋಚಿಸಿದವಳೇ ಅಲ್ಲ. ಎರಡು ಬ್ಯಾಡಗಿ ಕಾಯಿ ಬಚ್ಚಲೊಲೆಗೆ ಹಾಕಿದರೆ ಮೂಗಿಗೂ ತಾಕದು. ನಾಳೆ ಸಂಜೆಯೊಳಗೆ ರೈಲು, ಮೊಲ, ಗಿಳಿಮರ, ಎಲ್ಲದರ ಮೇಲೆ ಬಿಳಿ ಬಣ್ಣ. ಅರ್ಚನಾಳ ಮುಖ ಹೇಗಾಗಬಹುದೆಂದು ಅವಳು ನೆನೆದಳು. ಹಾಯೆನಿಸಿತು. ಬ್ಯಾಡಗಿ ಡಬ್ಬಿಗೆ ಕೈ ಹಾಕಿದಳು.

ಆಗ ಪಡಸಾಲೆಯಿಂದ ಶಿವಬಸಮ್ಮನ ದನಿ ಕೇಳಿತು. ಮಗು ಹುಷಾರಿಲ್ಲವೆಂದು ತಿಳಿದು ಬಂದಿದ್ದಳು. "ನೋಡಾಕ ಬಂದೋರು ನಾವೇ ನಾಕು ಮಂದಿ, ನಮ್ಮ ಕಣ್ಣು ಅಂಥಾವಲ್ಲವ್ವಾ."

"ನಿಮ್ಮದು ಅಂತ ಯಾರಂದ್ರು ಬಿಡ್ರಿ" ಎಂದಳು ಅರ್ಚನಾ. "ನೀವು ಒಂದು ಸಲ ನೋಡಿ ಹೋದ್ರಿ. ದಿನಾ ಚಾ ಹಿಡ್ಕಂಡು ಹತ್ತಿ ನೋಡಿದ ಕಣ್ಣು ಬ್ಯಾರೆ ಐತೆ."

ಭಾಗ್ಯಳ ಕೈ ಡಬ್ಬಿಯಲ್ಲೇ ನಿಂತಿತು. ಘಾಟು ಬರದಿದ್ದರೆ ಕಣ್ಣು ಯಾರದೆಂದು ಕೇಳುತ್ತಾರೆ. ಕೇಳುವ ಮೊದಲೇ ಉತ್ತರ ಸಿದ್ಧವಿದೆ. ಮುಂದೆ ಈ ಬೀದಿಯಲ್ಲಿ ಯಾರೂ ಅವಳ ಮುಂದೆ ಮಗುವನ್ನು ತಂದು ಕೂರಿಸುವುದಿಲ್ಲ. ಕಂಡರೆ ಸೆರಗು ಮುಚ್ಚಿ ಒಳಗೆ ಒಯ್ಯುತ್ತಾರೆ. ಗೋಡೆಗೆ ಒಂದು ದಿನ ಬಿಳಿ ಬಣ್ಣ ಬಿದ್ದರೆ ತನಗೆ ಜೀವಮಾನವೆಲ್ಲ ಆ ಹೆಸರು.

ಅವಳು ಕೈ ತೆಗೆದಳು. ಗುಂಟೂರು ಡಬ್ಬಿಯಿಂದ ಮುಷ್ಟಿ ತುಂಬ ತೆಗೆದು, ಎರಡನ್ನು ಮುರಿದು ಬೀಜ ಬಿಡಿಸಿದಳು.

ಮಗುವನ್ನು ಮಣೆಯ ಮೇಲೆ ಕೂರಿಸಿ ಇಳಿ ತೆಗೆಯುವಾಗ ಅರ್ಚನಾ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಭಾಗ್ಯ ಅವಳತ್ತ ನೋಡಲಿಲ್ಲ. ಬಚ್ಚಲೊಲೆಗೆ ಮುಷ್ಟಿ ಬಿಚ್ಚಿದಳು. ಸಾಸಿವೆ ಚಟಪಟ ಎಂದಿತು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಘಾಟು ಎದ್ದದ್ದು ಹೇಗೆಂದರೆ, ಶಿವಬಸಮ್ಮ ಚಪ್ಪಲಿ ಬಿಟ್ಟು ಬೀದಿಗೆ ಓಡಿದಳು. ಅರ್ಚನಾ ಮಗುವನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ನಾಗಲಿಂಗಮ್ಮ ಕಂಬ ಹಿಡಿದು ಕೆಮ್ಮುತ್ತಲೇ, "ಕಣ್ಣಿಲ್ಲ! ಸಾಸಿವೀ ಕಾಳಿನಷ್ಟೂ ಕಣ್ಣಿಲ್ಲ!" ಎಂದು ಕೂಗಿದರು.

"ಭಾಗ್ಯ, ಮೆಣಸಿನಕಾಯಿ ಚೀಲಾನ ಹಾಕಿದೇನ ಲೇ?" ಎಂದು ಬೀದಿಯಿಂದ ಶಿವಬಸಮ್ಮ ಕೇಳಿದಳು.

ಹೊಗೆ ಅಡಗಿದ ಮೇಲೆ ಅರ್ಚನಾ ಹಿತ್ತಲಿನಿಂದ ಬಂದಳು, ಕಣ್ಣು ಒರೆಸಿಕೊಳ್ಳುತ್ತ. "ಅಕ್ಕಾ, ನಾನು ಏನೇನೋ ಅಂದುಕಂಡಿದ್ದೆ" ಎಂದಳು.

"ಏನಂದುಕೊಂಡಿದ್ದಿ?"

"ಏನಿಲ್ಲ ಬಿಡ್ರಿ."

ಕಣ್ಣಲ್ಲವೆಂದ ಮೇಲೆ ಬಣ್ಣದ ವಾಸನೆಯೇ ಎಂದು ನಾಗಲಿಂಗಮ್ಮ ತೀರ್ಮಾನಿಸಿದರು. ಗೋಡೆಗೆ ಬಿಳಿ ಹೊಡೆಸುವ ಮಾತು ಬಿದ್ದುಹೋಯಿತು. ಅದು ಮಾತ್ರವಲ್ಲ, ಇಷ್ಟು ಜನ ನೋಡಿದರೂ ಕಣ್ಣು ತಾಗದ ಕೋಣೆ ಎಂದು ಆಕೆಗೆ ಅದರ ಮೇಲೆ ಅಭಿಮಾನ ಹುಟ್ಟಿತು. ಛಾವಣಿಗೂ ನೀಲಿ ಹಚ್ಚಿಸಿ ಚಂದ್ರ, ಚುಕ್ಕಿ ಬರೆಸಬೇಕೆಂದು ಹುಲುಗಣ್ಣನಿಗೆ ಅಂದೇ ಹೇಳಿಕಳಿಸಿದರು. ವಾಸನೆ ಪೂರ್ತಿ ಹೋಗುವವರೆಗೆ ಸ್ಫೂರ್ತಿ ಅಜ್ಜಿಯ ಹತ್ತಿರ ಮಲಗಬೇಕಿತ್ತು. ಆದರೆ ಘಾಟು ಕುಡಿದ ನಾಗಲಿಂಗಮ್ಮನ ಕೆಮ್ಮು ಸಂಜೆಯಾದರೂ ನಿಲ್ಲಲಿಲ್ಲ. "ಕೂಸಿನ ಮಂಚ ಭಾಗ್ಯನ ಖೋಲಿಗೆ ಹಾಕ್ರಿ. ಆಕಿ ಕೈಯಾಗ ಇದ್ರ ನನಗೂ ನಿಶ್ಚಿಂತಿ" ಎಂದರು.

ಮಂಚಕ್ಕೆ ಜಾಗ ಮಾಡಲು ಶಾಂಭವಿಯ ಹಾಸಿಗೆ, ಪುಸ್ತಕಗಳನ್ನು ಆ ಸಂಜೆಯೇ ಪಡಸಾಲೆಗೆ ಸಾಗಿಸಿದರು.