ಹೆಂಚಿನ ಮೇಲೆ ಬಂದ ದೇವರು

ಅತ್ತೆಯ ಬಲಗೈ ಹೆಬ್ಬೆರಳಿನ ಉಗುರು ಸದಾ ಹಸಿರಾಗಿರುತ್ತಿತ್ತು. ಎಷ್ಟು ಹುಣಸೆಹುಳಿ ಹಾಕಿ ಉಜ್ಜಿದರೂ ಹೋಗದ ಬಣ್ಣ. ಬೆಳಗೆದ್ದು ಮುಖಕ್ಕೆ ನೀರು ಹಾಕಿಕೊಂಡವರೇ ಹಿತ್ತಲಿಗೆ ಹೋಗಿ ದಂಟು, ಕೀರೆ, ಹೊನಗೊನೆ ಎಂದು ಸೊಪ್ಪು ಚಿವುಟುತ್ತಾ ಕೂತರೆ ಮಡಿಲು ತುಂಬುವವರೆಗೆ ಏಳುತ್ತಿರಲಿಲ್ಲ. ಅದರಲ್ಲಿ ತಮ್ಮ ಮನೆಗೆ ಒಂದು ಹಿಡಿ ಇಟ್ಟುಕೊಂಡು ಮಿಕ್ಕಿದ್ದನ್ನೆಲ್ಲ ಬೀದಿಗೆ ಹಂಚುತ್ತಿದ್ದರು.

ಅವರು ನನ್ನ ಸ್ವಂತ ಅತ್ತೆಯಲ್ಲ, ಪಕ್ಕದ ಮನೆಯವರು. ತೊಂಬತ್ತರ ದಶಕದ ಮೊದಲಲ್ಲಿ ಸಿಂಧಘಟ್ಟದ ಕಡೆಯ ಆ ಊರಿಗೆ ನಾನು ಸೊಸೆಯಾಗಿ ಬಂದಾಗ ನನ್ನ ಗಂಡನ ತಾಯಿ ತೀರಿಕೊಂಡು ಬಹಳ ಕಾಲವಾಗಿತ್ತು. ಮುದ್ದೆ ತೊಳಸುವುದರಿಂದ ಹಿಡಿದು ಬಸ್ಸಾರಿಗೆ ಖಾರ ರುಬ್ಬುವವರೆಗೆ ಎಲ್ಲವನ್ನೂ ನನಗೆ ಕಲಿಸಿದವರು ಇವರು. ಬೈದುಕೊಂಡೇ ಕಲಿಸಿದರು. "ಸೊಪ್ಪು ಸೋಸ್ತಾ ಇದ್ದೀಯೋ, ಅದಕ್ಕೆ ತಲೆ ಬಾಚಿ ಜಡೆ ಆಕ್ತಾ ಇದ್ದೀಯೋ? ನಿನ್ ಗಂಡ ಉಣ್ಣೋದು ನಾಳೆಗಾ?" ಎಂದು ನನ್ನ ಕೈಯಿಂದ ಮೊರ ಕಿತ್ತುಕೊಳ್ಳುತ್ತಿದ್ದರು. ಹಿತ್ತಲಿಗೆ ಬೇಲಿಯಿತ್ತು, ಬೀಗವಿರಲಿಲ್ಲ. ಹೇಳದೆ ಯಾರಾದರೂ ಒಂದು ಬದನೆಕಾಯಿ ಕಿತ್ತರೆ ಮಾತ್ರ ಮೈಮೇಲೆ ದೇವರು ಬಂದಂತೆ ಆಡುತ್ತಿದ್ದರು. "ಬಾಯ್ಬುಟ್ಟು ಕೇಳಿ ಈಸ್ಕೊಳ್ಳಿ, ಬುಟ್ಟೀಲಿ ತುಂಬ್ಕೊಡ್ತೀನಿ. ಕದ್ರೆ ಮಾತ್ರ ಸುಮ್ಕಿರಾಕಿಲ್ಲ" ಅನ್ನುತ್ತಿದ್ದರು.

ಇನ್ನೊಂದು ದೌರ್ಬಲ್ಯವೂ ಅವರಿಗಿತ್ತು. ಅದು ತವರು. ಬಾಯಿ ಬಿಟ್ಟರೆ ತವರಿನ ಅವರೆಕಾಯಿ, ತವರಿನ ಬಾವಿ ನೀರು. ನಿಜ ಹೇಳಬೇಕೆಂದರೆ ಅಲ್ಲಿ ಉಳಿದಿದ್ದವನು ಒಬ್ಬ ತಮ್ಮ ಮಾತ್ರ. ತಾಯಿ ಸತ್ತಾಗ ಅವನಿನ್ನೂ ಅಂಬೆಗಾಲಿಡುವ ಕೂಸು. ಸೊಂಟದ ಮೇಲೆ ಹೊತ್ತು ಸಾಕಿದವರು ಇವರೇ. ಅವನು ಈಗ ಊರ ಜಮೀನನ್ನು ಪಾಲಿಗೆ ಕೊಟ್ಟು ಪೇಟೆ ಸೇರಿ, ಸೈಕಲ್ ಶಾಪ್ ಇಟ್ಟು, ಹೊಸ ಬಡಾವಣೆಯಲ್ಲಿ ತಾರಸಿ ಮನೆ ಕಟ್ಟಿಸಿದ್ದ. ಪ್ರತಿ ವರ್ಷ ಗೌರಿ ಹಬ್ಬಕ್ಕೆ ಮೊರದ ಬಾಗಿನ ಹೊತ್ತು ತಪ್ಪದೆ ಬರುತ್ತಿದ್ದ. ಅವನು ಬಂದ ದಿನ ಅತ್ತೆಯ ನಡಿಗೆಯೇ ಬೇರೆ.

ನಮ್ಮೂರಲ್ಲಿ ಕೋತಿಗಳಿರಲಿಲ್ಲ. ಕೋತಿ ನೋಡಬೇಕೆಂದರೆ ಮೇಲುಕೋಟೆಗೇ ಹೋಗಬೇಕಿತ್ತು. ಹಾಗಿರುವಾಗ ಒಂದು ಶನಿವಾರ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಬಂದವಳು ನೋಡುತ್ತೇನೆ, ಅತ್ತೆಯ ಮನೆಯ ನಾಡಹೆಂಚಿನ ಮೇಲೆ ಸಾಲಾಗಿ ಕೋತಿಗಳು ಕೂತಿವೆ. ಅವುಗಳಲ್ಲಿ ಮರಿ ಅವುಚಿಕೊಂಡ ತಾಯಿಕೋತಿಗಳೂ ಇದ್ದವು. ಶನಿವಾರ ಬೇರೆ, ಆಂಜನೇಯನ ವಾರ! ಅತ್ತೆ ಪೊರಕೆ ಕೆಳಗೆ ಹಾಕಿ ಕೈಮುಗಿದು ನಿಂತುಬಿಟ್ಟರು. ಸ್ನಾನ ಮಾಡಿ ಬಂದು ಕಾಯಿ ಒಡೆದು, ಮಂಗಳಾರತಿ ಎತ್ತಿ, ನೆನೆಸಿದ ಕಡಲೆಬೇಳೆ, ಬಾಳೆಹಣ್ಣು ಇಟ್ಟರು. ಊರಿಗೂರೇ ಸೇರಿತು. ಅಂದಿನಿಂದ ಶನಿವಾರ ಶನಿವಾರ ಯಾರ ತೋಟದಲ್ಲಿ ಗೊನೆ ಕಡಿದರೂ ಮೊದಲ ಚಿಪ್ಪು ಅತ್ತೆಯ ಜಗಲಿಗೆ ಬರುವುದು ಪದ್ಧತಿಯಾಯಿತು.

ಒಂದು ವಿಚಿತ್ರ ನನಗೆ ಆಗಲೇ ಕಂಡಿತ್ತು. ಈ ಕೋತಿಗಳಿಗೆ ಮನುಷ್ಯರೆಂದರೆ ಭಯವೇ ಇರಲಿಲ್ಲ. ಕೈಯಲ್ಲಿ ಕವರ್ ಕಂಡರೆ ಸಾಕು, ಸೀದಾ ಬಂದು ಕಿತ್ತುಕೊಳ್ಳುತ್ತಿದ್ದವು. ಬಾಗಿಲ ಚಿಲಕ ತೆಗೆಯಲು, ಡಬ್ಬದ ಮುಚ್ಚಳ ತಿರುಗಿಸಲು ಅವಕ್ಕೆ ಬರುತ್ತಿತ್ತು. "ದೇವ್ರಿಗೆ ಏನ್ ಬರಾಕಿಲ್ಲ?" ಎಂದು ಅತ್ತೆ ನನ್ನ ಬಾಯಿ ಮುಚ್ಚಿಸಿದರು. ಆ ವಾರವೇ ಅತ್ತೆಯ ತಮ್ಮನೂ ಬಂದ. ಚಪ್ಪಲಿ ಬಿಟ್ಟು ಹೆಂಚಿನತ್ತ ಕೈಮುಗಿದು, "ಯಾರ್ಗುಂಟು ಯಾರ್ಗಿಲ್ಲ ಕಣಕ್ಕ! ಆಂಜನೇಯ್‌ಸಾಮಿನೇ ನಿನ್ ಮನೆ ಉಡೀಕೊಂಡು ಬಂದವ್ನೆ. ಯಾರ್ ಏನೇ ಅನ್ಲಿ, ಓಡಿಸ್ಬ್ಯಾಡ" ಅಂದ. ಅತ್ತೆಯ ಕಣ್ಣಲ್ಲಿ ನೀರು ಬಂತು.

ಮಳೆ ಹಿಡಿಯುವ ಹೊತ್ತಿಗೆ ದೇವರು ಹಿತ್ತಲನ್ನು ಬೋಳಿಸಿ ಮುಗಿಸಿತ್ತು. ಹಾಗಲ ಚಪ್ಪರ ಮುರಿದುಬಿತ್ತು, ಬೆಂಡೆಯ ಹೂವು ಕಾಯಿಗೆ ತಿರುಗಲಿಲ್ಲ, ದಂಟಿನ ಸಸಿಗಳನ್ನು ಬೇರುಸಮೇತ ಕಿತ್ತು ಎಸೆದಿದ್ದವು. ಹೆಂಚು ಮಗುಚಿ ಮಗುಚಿ ಹುಳ ಹುಡುಕುತ್ತಿದ್ದವು. ಅಡುಗೆಮನೆಯೊಳಗೆ ಮಳೆ ಸುರಿಯಿತು. ಅತ್ತೆಯ ಗಂಡ ಮಾತು ಕಡಿಮೆಯ ಮನುಷ್ಯ. ಹಳೇ ಹಗ್ಗಕ್ಕೆ ಕರಿ ಬಳಿದು ಹಾವಿನಂತೆ ಸುತ್ತಿ ಮಾಡಿನ ಮೇಲಿಟ್ಟರು. ದೊಡ್ಡ ಗಡವ ಕೋತಿ ಅದನ್ನು ಎತ್ತಿಕೊಂಡು ಹೋಗಿ ಅರಳಿಮರಕ್ಕೆ ನೇತುಹಾಕಿತು. ಮುಳ್ಳಿನ ಕೊಂಬೆ ಹೊದಿಸಿದೆವು, ಡಬ್ಬ ಬಡಿದೆವು, ಪಟಾಕಿ ಹಚ್ಚಿದೆವು. ಕಲ್ಲು ಬೀರಲು ಮಾತ್ರ ಅತ್ತೆ ಯಾರನ್ನೂ ಬಿಡಲಿಲ್ಲ.

ಆಮೇಲೆ ಕೋತಿಗಳು ಊರ ಹೊಲಕ್ಕೂ ಬಿದ್ದವು. ಆರತಿ ತಟ್ಟೆಗೆ ಕೈ ಚಾಚಿದ್ದ ಅದೇ ಜನ ಅತ್ತೆಯ ಮೇಲೆ ತಿರುಗಿಬಿದ್ದರು. ಕಟ್ಟೆಯ ಮೇಲೆ ಕೂತ ಯಜಮಾನರೊಬ್ಬರು ನಾವು ನೀರು ಹೊತ್ತು ಬರುವಾಗ ಅಡ್ಡ ಹಾಕಿ, "ತುಪ್ಪ ಬಾಳೆಹಣ್ಣು ತಿನ್ಸಿ ಊರಲ್ಲಿ ಕೂರಿಸ್ಕಂಡೋಳು ನೀನೇ ಕಣವ್ವ. ಈಗ ನಮ್ ಜೋಳ ಯಾರ್ ಕಾಯ್ಬೇಕು, ನಿನ್ ಆಂಜನೇಯ್ನಾ?" ಅಂದರು. ಸುತ್ತಲಿದ್ದವರು ನಕ್ಕರು. ಅತ್ತೆ ತಲೆತಗ್ಗಿಸಿ ನಡೆದರು. ಅವರು ತಲೆತಗ್ಗಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇದಾದ ಕೆಲವು ದಿನಕ್ಕೆ, ಇನ್ನೂ ಮಂಜು ಇರುವ ಹೊತ್ತಿನಲ್ಲಿ, ನಾವಿಬ್ಬರೂ ಹುಲ್ಲಿಗೆ ಹೊರಟಿದ್ದೆವು. ಊರಾಚೆಯ ತೋಪಿನ ಹತ್ತಿರ ಒಂದು ಟೆಂಪೋ ನಿಂತಿತ್ತು. ಹಿಂದೆ ಕಬ್ಬಿಣದ ಪಂಜರ, ಅದರ ತುಂಬ ಕೋತಿಗಳು. ಡ್ರೈವರ್ ಪಂಜರದ ಬಾಗಿಲಿಗೆ ಕೈ ಹಾಕಿದ್ದ. ಅತ್ತೆ ಹೋಗಿ ಕೇಳಿದರು. ಅವನೇನೂ ಮುಚ್ಚಿಡಲಿಲ್ಲ. ಪೇಟೆಯ ಹೊಸ ಬಡಾವಣೆಯಲ್ಲಿ ಕೋತಿ ಕಾಟ, ಬೀದಿಯವರೆಲ್ಲ ಸೇರಿ ಹಿಡಿಸುತ್ತಿದ್ದಾರೆ, ಹೋದ ಸಲದ ಗಾಡಿಯನ್ನೂ ಇಲ್ಲೇ ಇಳಿಸಿದ್ದು ಎಂದ.

"ನಮ್ಮೂರೇ ಬೇಕು ಅಂತ ಯಾರಪ್ಪ ಅಂದೋರು?"

"ಸೈಕಲ್ ಶಾಪಿನ್ ಅಣ್ಣ ಇಲ್ವಾ, ಅವ್ರೇ. 'ಅಲ್ಲಿ ನಮ್ಮಕ್ಕ ಅವ್ಳೆ, ಕೋತಿ ಕಂಡ್ರೆ ಕಾಯಿ ಒಡೀತಾಳೆ. ಊರೋರು ಗಲಾಟೆ ಮಾಡಾಕಿಲ್ಲ, ದೈರ್ಯವಾಗಿ ಬುಟ್ಬುಟ್ಟು ಬಾ' ಅಂದ್ರು."

ನನಗೆ ಸಿಟ್ಟು ನೆತ್ತಿಗೇರಿತು. ಅತ್ತೆ ಮಾತ್ರ ಪಂಜರವನ್ನೇ ನೋಡುತ್ತಾ ನಿಂತಿದ್ದರು. ಒಳಗೊಂದು ತಾಯಿ ಕೋತಿ ಸರಳು ಹಿಡಿದು ಹಲ್ಲು ಕಿರಿಯುತ್ತಿತ್ತು.

"ಆ ಅಕ್ಕ ಸತ್ತೋದ್ಲು ಅಂತ ಯೋಳ್ಬುಡಪ್ಪ," ಅಂದರು ಅತ್ತೆ. "ಇವನ್ನ ಎಲ್ಲಿಂದ ತಂದ್ಯೋ ಅಲ್ಲಿಗೇ ಕರ್ಕೊಂಡೋಗು. ಪಾಪ, ಇವ್ಕೂ ಒಂದೂರು ಅಂತ ಇತ್ತಲ್ಲ."

ಟೆಂಪೋ ತಿರುಗಿತು. ಬರುವ ದಾರಿಯಲ್ಲಿ ಅತ್ತೆ ನನ್ನ ರಟ್ಟೆ ಹಿಡಿದು, "ಇದು ನಿನ್ ಬಾಯಿಂದ ಆಚೆ ಓಗ್ಕೂಡ್ದು. ಕಟ್ಟೆ ಮೇಲಿನ್ ಮಾತಿಗೆ ನನ್ ತವ್ರು ಬರ್ಕೂಡ್ದು" ಅಂದರು. ನನಗೆ ಅವರ ಮೇಲೂ ರೇಗಿತು. ಊರಿನವರ ಮುಂದೆ ಒಂದು ಮಾತು ಆಡಿದ್ದರೆ ಅವರ ಮೇಲಿನ ದೂರು ಇಳಿಯುತ್ತಿತ್ತು. ಆಡಲಿಲ್ಲ. ಬೈಗುಳವನ್ನೆಲ್ಲ ತಾವೇ ನುಂಗಿದರು. ಶನಿವಾರದ ಕಾಯಿ ನಿಲ್ಲಿಸಿದರು, ಕೋತಿಗಳಿಗೆ ಬಾನಿಯಲ್ಲಿ ನೀರಿಡುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಗೌರಿ ಹಬ್ಬಕ್ಕೆ ಅತ್ತೆಯ ತಮ್ಮ ಬಾಗಿನ ಹೊತ್ತು ಬಂದೇ ಬಂದ. ಅತ್ತೆ ಎಲೆ ಹಾಕಿ, ಕಡುಬಿಗೆ ತುಪ್ಪ ಸುರಿದು ಬಡಿಸಿದರು. ನಾನು ಪಾಯಸದ ಪಾತ್ರೆ ಹಿಡಿದು ನಿಂತಿದ್ದೆ. ಊಟ ಮುಗಿಸಿ ಅವನು ಮೊರ ಎತ್ತಿದಾಗ ಅವರು ಸೆರಗು ಒಡ್ಡಲಿಲ್ಲ.

"ಬೀದಿಯೋರೆಲ್ಲ ಸೇರಿ ಮಾಡಿದ್ದು ಕಣಕ್ಕ," ಎಂದು ಅವನೇ ಬಾಯಿ ಬಿಟ್ಟ. "ಬ್ಯಾರೆ ಕಡೆ ಬುಟ್ರೆ ಜನ ಒಡೀತಾರೆ. ನೀನಾದ್ರೆ ಏನೂ ಅನ್ನಾಕಿಲ್ಲ ಅಂತ..."

"ಬಂದು ಕೇಳಿದ್ರೆ ಅಷ್ಟನ್ನೂ ನಾನೇ ಸಾಕ್ತಿದ್ನಲ್ಲೋ. ದೇವ್ರು ಅಂತ ಯಾಕ್ಲಾ ಸುಳ್ಳೇಳ್ದೆ? ನಿನ್ ಮಾತು ಕೇಳಿ ಕೈಮುಗೀತಾನೇ ಇದ್ನಲ್ಲೋ ನಾನು." ಅವರ ದನಿ ಏರಲಿಲ್ಲ. "ತಕ್ಕೊಂಡೋಗು. ತವ್ರು ಇದ್ದೋರು ಈಸ್ಕೊಳೋದು ಇದು."

ಮುಂದೆ ಅವರು ತವರಿನ ಮಾತೆತ್ತಿದ್ದು ನಾನು ಕೇಳಲಿಲ್ಲ. ಹಿತ್ತಲಲ್ಲಿ ಕೋತಿ ಮುಟ್ಟದ ಕನಕಾಂಬರ, ಮೆಣಸಿನಗಿಡ ಬಿಟ್ಟು ಬೇರೇನೂ ಬೆಳೆಯಲಿಲ್ಲ. ಜೀವಮಾನವಿಡೀ ಕೊಟ್ಟು ಗೊತ್ತಿದ್ದವರು ಸಂತೆಯಲ್ಲಿ ಸೊಪ್ಪಿನ ಕಂತೆ ಹಿಡಿದು ಚೌಕಾಸಿ ಮಾಡುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಆ ದಶಕ ಮುಗಿಯುವ ಮೊದಲೇ ಕಾಮಾಲೆ ಅವರನ್ನು ಹಿಡಿಯಿತು. ನಾರುಬೇರಿನ ಔಷಧಿ, ಆಸ್ಪತ್ರೆ ಎರಡೂ ಆಯಿತು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ, "ಅವ್ನು ಸೀರೆ ತರ್ತಾನೆ. ಉಡಿಸ್ಬ್ಯಾಡ. ನಿಂದೊಂದು ಉಡ್ಸು" ಅಂದರು. ಮುತ್ತೈದೆ ಸತ್ತರೆ ತವರಿನ ಸೀರೆ ಉಡಿಸಿಯೇ ಕಳಿಸುವುದು ನಮ್ಮ ಕಡೆ ತಪ್ಪದ ಪದ್ಧತಿ.

ಹಾಗೇ ಆಯಿತು. ಅಂಗಡಿಯ ಕವರಿನಲ್ಲಿ ಹಸಿರು ಸೀರೆ ಹಿಡಿದು ಅವನು ಬಂದ. ಅಳುತ್ತಲೇ ಬಂದ, ಸುಳ್ಳು ಅಳುವಲ್ಲ ಅದು. ಹೆಂಗಸರು ಅದಕ್ಕೆ ಕೈ ಚಾಚುವಷ್ಟರಲ್ಲಿ ನಾನು ನನ್ನ ಟ್ರಂಕಿನಿಂದ ತಂದ ಸೀರೆಯನ್ನು ಅತ್ತೆಯ ಎದೆಯ ಮೇಲೆ ಹರಡಿದೆ. ಮನೆಯೆಲ್ಲ ಗುಸುಗುಸು. ಹಿರಿಯ ಹೆಂಗಸೊಬ್ಬರು ನನ್ನ ಕೈ ಹಿಡಿದು ಎಳೆದರು.

"ತವ್ರು ಸೀರೆ ಉಡಿಸ್ದೆ ಕಳಿಸ್ತಾರಾ? ಪಕ್ಕದ್ ಮನೆಯೋಳು, ನೀನ್ಯಾರವ್ವ ಮಧ್ಯ?"

ಎಲ್ಲವನ್ನೂ ಹೇಳಿಬಿಡಲು ನಾಲಿಗೆ ತುದಿಯವರೆಗೆ ಬಂದಿತ್ತು. ಅವನು ನನ್ನನ್ನೇ ನೋಡುತ್ತಿದ್ದ. ನುಂಗಿಕೊಂಡೆ.

"ನಾನೇ ಅವ್ರ ತವ್ರು" ಅಂದೆ.

ಹಿರಿಯ ಹೆಂಗಸು ನನ್ನ ಕೈ ಬಿಟ್ಟರು. ಅವನು ಕವರನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬೀದಿಗಿಳಿದು ಗಂಡಸರ ನಡುವೆ ಹೋಗಿ ನಿಂತ. ನಾನು ನೆರಿಗೆ ಹಿಡಿಯಲು ಬಗ್ಗಿದೆ.