ಹಡಗಿನ ತಾತ ಎಳೆದ ಗೆರೆ

ಮಗಳ ಹೆರಿಗೆ ಹತ್ತಿರವಾಗಿದೆ. ಕೂಸಿಗೆ ಹಳೆಯ ಮೆತ್ತನೆಯ ಬಟ್ಟೆಯೇ ಆಗಬೇಕೆಂದು ಹೋದ ವಾರ ಅಟ್ಟದ ಮೇಲಿನ ಟ್ರಂಕು ಇಳಿಸಿಕೊಂಡು ಕೂತಿದ್ದೆವು. ನನ್ನ ವಾಯಿಲ್ ಸೀರೆಗಳ ಅಡಿಯಲ್ಲಿ ಎರಡು ಅಂಗೈಯಷ್ಟು ಅಗಲದ ಒಂದು ಚೌಕ ಸಿಕ್ಕಿತು. ಮಗಳು ಅದನ್ನು ಕೆನ್ನೆಗೆ ಒತ್ತಿಕೊಂಡು, "ಅಮ್ಮಾ, ಎಷ್ಟು ಮೆತ್ತಗಿದೆ! ಯಾವ ಬಟ್ಟೆ ಇದು?" ಎಂದಳು. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು, "ಇದೇನು ಗೆರೆ, ಕಲೆನಾ? ಬಿಸಿನೀರಲ್ಲಿ ಹಾಕಿದ್ರೆ ಹೋಗುತ್ತಾ?" ಎಂದು ಕೇಳಿದಳು. ಮೂಲೆಯಿಂದ ಮೂಲೆಗೆ ಬೂದು ಬಣ್ಣದ, ಕೂದಲೆಳೆಯಂಥ ಗೆರೆ. ನಾನು ಎದ್ದು ಅಡುಗೆಮನೆಗೆ ಹೋದೆ.

ಅದು ಟ್ರೇಸಿಂಗ್ ಬಟ್ಟೆ. ಈಗಿನವರು ನೋಡಿರಲಿಕ್ಕಿಲ್ಲ. ಪೆನ್ಸಿಲ್ಲಿನ ನಕ್ಷೆಯ ಮೇಲೆ ಅದನ್ನು ಹಾಸಿ, ಕೆಳಗೆ ಕಾಣುವ ಗೆರೆಯನ್ನೇ ಮೇಲೆ ಕಪ್ಪು ಮಸಿಯಲ್ಲಿ ಎಳೆಯಬೇಕು. ಮುಟ್ಟಿದರೆ ಕಾಗದದ ಹಾಗೆ ಗರಿಗರಿ, ಆದರೆ ಅದೆಲ್ಲ ಗಂಜಿ. ಒಳಗಿರುವುದು ಬಲು ನಯವಾದ ಹತ್ತಿ ಬಟ್ಟೆ. ಕಛೇರಿಯಲ್ಲಿ ಹಳೆಯ ನಕ್ಷೆಗಳನ್ನು ಎಸೆಯುವಾಗ ಟ್ರೇಸರ್‌ಗಳಾದ ನಾವು ಕಿತ್ತಾಡಿ ಹಂಚಿಕೊಂಡು ಮನೆಗೆ ತಂದು ಕುದಿಯುವ ನೀರಿನಲ್ಲಿ ಅದ್ದುತ್ತಿದ್ದೆವು. ಗಂಜಿ ಬಿಟ್ಟುಕೊಂಡು, ಜೊತೆಗೆ ಮಸಿಯೂ ಬಿಟ್ಟುಕೊಂಡು, ಕರವಸ್ತ್ರಕ್ಕೆ, ಕೂಸಿನ ಕುಲಾವಿಗೆ, ಒಳಂಗಿಗೆ ಆಗುತ್ತಿತ್ತು. ಆ ಕಾಲದಲ್ಲಿ ಎಷ್ಟೋ ಟ್ರೇಸರ್‌ಗಳ ಮಕ್ಕಳು ಯಾವುದೋ ಸೇತುವೆಯನ್ನೋ ಕಾಲುವೆಯನ್ನೋ ತೊಟ್ಟುಕೊಂಡು ಬೆಳೆದರು. ನನ್ನ ಮಗಳು ತೊಟ್ಟದ್ದು ಒಂದು ಹಡಗನ್ನು.

ಐವತ್ತರ ದಶಕದ ಕೊನೆಯಲ್ಲಿ ನಾವು ಹನುಮಂತನಗರದ ಬಾಡಿಗೆ ಮನೆ ಬಿಟ್ಟು ಜಯನಗರಕ್ಕೆ ಬಂದಾಗ ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಬೀದಿಯ ಕೊನೆಗೆ ಹೋದರೆ ರಾಗಿ ಹೊಲ. ಎದುರು ಮನೆಯಲ್ಲಿ ಒಬ್ಬ ಹಿರಿಯರು ಮತ್ತು ಅವರ ವಿಧವೆ ತಂಗಿ. ಅವರು ಮದುವೆಯಾದವರಲ್ಲ. ದೂರದ ಬಂದರಿನಲ್ಲಿ ಹಡಗು ಕಟ್ಟುವ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದು, ನಿವೃತ್ತರಾಗಿ ಇಲ್ಲಿ ಮನೆ ಕಟ್ಟಿಸಿಕೊಂಡಿದ್ದರು. ಬೀದಿಯ ಮಕ್ಕಳು ಅವರನ್ನು ಹಡಗಿನ ತಾತ ಎಂದು ಕರೆಯುತ್ತಿದ್ದವು. ನನಗೆ ಆಗ ಇಪ್ಪತ್ತೊಂದು. ಸರ್ಕಾರಿ ಕಛೇರಿಯಲ್ಲಿ ಹೊಸದಾಗಿ ಟ್ರೇಸರ್ ಕೆಲಸಕ್ಕೆ ಸೇರಿದ್ದೆ. ನಾನೂ ತಾತ ಎಂದೇ ಕರೆದೆ.

ನಾವು ಬರುವ ಹಿಂದಿನ ವರ್ಷ ಅವರು ಮಾಡಿದ ಘನಕಾರ್ಯವನ್ನು ಬೀದಿಯೆಲ್ಲ ಹೇಳಿಕೊಂಡು ನಗುತ್ತಿತ್ತು. ಮೇಣವನ್ನು ಕರಗಿಸಿ ಅಚ್ಚಿಗೆ ಹೊಯ್ದು, ಕೆತ್ತಿ, ಮೊಳದುದ್ದದ ಎರಡು ಹಡಗು ಮಾಡಿದ್ದರಂತೆ. ದಿನಾ ಬೆಳಗ್ಗೆ ಅವನ್ನು ಚೀಲದಲ್ಲಿಟ್ಟುಕೊಂಡು ಯಡಿಯೂರು ಕೆರೆಗೆ ಹೋಗಿ, ಗೂಟ ನೆಟ್ಟು, ರಾಟೆ ಕಟ್ಟಿ, ದಾರದ ತುದಿಗೆ ತೂಕದ ಕಲ್ಲು ಇಳಿಬಿಟ್ಟು ಎಳೆಸುತ್ತಿದ್ದರಂತೆ. ಒಂದೇ ತೂಕಕ್ಕೆ ಯಾವ ಹಡಗು ಎಷ್ಟು ಬೇಗ ದಡ ಮುಟ್ಟಿತೆಂದು ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದರಂತೆ. ಎಮ್ಮೆ ಮೈ ತೊಳೆಯಲು ಬಂದವರು, "ಏನ್ ಸ್ವಾಮಿ, ಲಂಡನ್ನಿಗೆ ಯಾವಾಗ ಬಿಡುತ್ತೆ?" ಎಂದು ಕೇಳುತ್ತಿದ್ದರಂತೆ. ಕೆಲಸ ಮುಗಿದ ಮೇಲೆ ಎರಡನ್ನೂ ಕರಗಿಸಿಬಿಟ್ಟರು. ಮಾದರಿಯ ಅಳತೆ ಕಾಗದಕ್ಕೆ ಇಳಿದ ಮೇಲೆ ಮೇಣವನ್ನು ಇನ್ನೊಂದಕ್ಕೆ ಕರಗಿಸುವುದು ಅವರ ಕಾರ್ಖಾನೆಯ ರೂಢಿ. ಹುಳಿ ಮಾಡುವ ಪಾತ್ರೆಯಲ್ಲಿ ಮೇಣ ಕಾಯಿಸಿದ್ದಕ್ಕೆ ಅವರ ತಂಗಿ ನನ್ನ ಹತ್ತಿರವೂ ಎಷ್ಟೋ ಸಲ ದೂರಿದ್ದರು. ಬೀದಿಯ ಜೊತೆಗೆ ನಾನೂ ನಕ್ಕಿದ್ದೇನೆ. ಸಮುದ್ರದ ನೀರು ಒಂದು ಹನಿ ಕಾಣದ ಊರಿನಲ್ಲಿ ಕೂತು ಹಡಗು ತಿದ್ದುತ್ತಾರೆಂದರೆ ಯಾರಿಗೆ ನಗು ಬರುವುದಿಲ್ಲ?

ಒಂದು ಭಾನುವಾರ ಅವರೇ ನಮ್ಮ ಗೇಟಿನ ತನಕ ತಡವರಿಸಿಕೊಂಡು ಬಂದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು; ಆಪರೇಷನ್ ಮಾಡಿಸಿದ್ದ ಒಂದು ಕಣ್ಣು ಪೂರ್ತಿ ಹೋಗಿತ್ತು, ಹೆದರಿ ಇನ್ನೊಂದನ್ನು ಮಾಡಿಸಿರಲಿಲ್ಲ.

"ಟ್ರೇಸರ್ ಕೆಲಸ ಮಾಡ್ತೀಯಂತಲ್ಲಮ್ಮ. ನಂದೊಂದು ಶೀಟು ಇದೆ. ಮಸಿ ಹಾಕ್ಕೊಡ್ತೀಯಾ?" ಎಂದರು. "ಕೈ ನಡುಗುತ್ತೆ ನೋಡು. ಎಲ್ಲಿ ನಡುಗಿದೆಯೋ ಅಲ್ಲಿ ನೀನೇ ತಿದ್ಕೊಂಬಿಡು."

ಆ ಮಾತನ್ನು ಅವರೇ ಹೇಳಿದರು. ಇಷ್ಟು ವರ್ಷ ನಾನು ಹಿಡಿದುಕೊಂಡು ಬಂದಿರುವುದು ಅದೊಂದೇ ಹುಲ್ಲುಕಡ್ಡಿಯನ್ನು.

ಅವರ ನಡುಮನೆಯ ಮೇಜಿನ ಮೇಲೆ ನಾಲ್ಕು ಭಾನುವಾರ ಕೆಲಸ ಮಾಡಿದೆ. ಕರಾವಳಿಯಲ್ಲಿ ಕಲ್ಲಿದ್ದಲು ಸಾಗಿಸುವ ಒಂದು ಹಡಗು. ಪಕ್ಕದಿಂದ, ಮೇಲಿನಿಂದ, ಎದುರಿನಿಂದ, ಹೀಗೆ ಮೂರು ನೋಟ. ಬಾಗುಗೆರೆಗಳಿಗಾಗಿ ಅವರು ಕಾರ್ಖಾನೆಯಿಂದ ತಂದಿದ್ದ ಸಪೂರ ಮರದ ಪಟ್ಟಿ ಕೊಟ್ಟರು, ಅದನ್ನು ಬಾಗಿಸಿ ಹಿಡಿದಿಡಲು ಬಾತುಕೋಳಿಯ ಆಕಾರದ ಸೀಸದ ಗುಂಡುಗಳನ್ನು ಕೊಟ್ಟರು. ಪಟ್ಟಿ ಎಷ್ಟು ಚಂದ ಬಾಗುತ್ತಿತ್ತೆಂದರೆ ನಮ್ಮ ಕಛೇರಿಯ ಕಾಲುವೆ ರಸ್ತೆಗಳೆಲ್ಲ ಒರಟು ಎನ್ನಿಸಿತು. ಈ ನಕ್ಷೆಯಿಂದ ಏನಾಗಬೇಕು ಎಂದು ಕೇಳಿದರೆ ಮಾತ್ರ ಅವರು ಬಾಯಿ ಬಿಡುತ್ತಿರಲಿಲ್ಲ. ಹಿಂದೆ ಇವರ ಒಂದು ಯೋಚನೆಯನ್ನು ಮೇಲಿನವರು ತಮ್ಮ ಹೆಸರಿಗೆ ಹಾಕಿಕೊಂಡಿದ್ದರಂತೆ.

"ಹಡಗಿನ ಮೂತಿ ಹತ್ರ ಒಂದು ವಿಷಯ ಇದೆ. ಕಾರ್ಖಾನೆಯವರು ಒಪ್ಲಿ, ಆಮೇಲೆ ಮೊದಲು ನಿಂಗೇ ಹೇಳ್ತೀನಿ" ಎನ್ನುತ್ತಿದ್ದರು. ಅದನ್ನು ವಿವರಿಸುವ ಇಂಗ್ಲಿಷ್ ಪತ್ರವನ್ನು ಕಣ್ಣು ಇನ್ನೂ ಅಷ್ಟಿಷ್ಟು ಇದ್ದಾಗಲೇ ಟೈಪು ಮಾಡಿಸಿ ಲಕೋಟೆಯಲ್ಲಿ ಅಂಟಿಸಿ ಇಟ್ಟುಕೊಂಡಿದ್ದರು. ನಕ್ಷೆ ಸೇರಿಸಿ ಕಳಿಸುವುದಷ್ಟೇ ಬಾಕಿ.

ಕೊನೆಯ ಭಾನುವಾರ ಮಧ್ಯಾಹ್ನ ಮೂತಿಗೆ ಬಂದೆ. ನೀರಿನ ಮಟ್ಟದ ಕೆಳಗೆ ಪೆನ್ಸಿಲ್ ಗೆರೆ ಇದ್ದಕ್ಕಿದ್ದಂತೆ ಹೊರಕ್ಕೆ ಉಬ್ಬಿತ್ತು, ಕತ್ತಿನಲ್ಲಿ ಊದಿದ ಗಂಟಲುವಾಳದ ಹಾಗೆ. ಮರದ ಪಟ್ಟಿ ಅಲ್ಲಿ ಮಣಿಯಲಿಲ್ಲ. ಕ್ಯಾಲೆಂಡರ್ ಚಿತ್ರಗಳಲ್ಲಿ ನಾನು ನೋಡಿದ್ದ ಹಡಗುಗಳ ಮೂತಿಯೆಲ್ಲ ಕತ್ತಿಯಂತೆ ನೇರ. ತಿರುಗಿ ನೋಡಿದೆ. ತಾತ ಒರಗುಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದರು, ಮಡಿಲಲ್ಲಿದ್ದ ಕೈ ನಿದ್ದೆಯಲ್ಲೂ ಅಲುಗುತ್ತಿತ್ತು. ಅಯ್ಯೋ ಪಾಪ ಎನ್ನಿಸಿತು. ಎಬ್ಬಿಸಿ ಕೇಳಿದರೆ ನಾಚಿಕೆಪಟ್ಟುಕೊಳ್ಳುತ್ತಾರೆ ಎಂದುಕೊಂಡೆ. ನಮ್ಮ ಕಛೇರಿಯ ಹೆಡ್ ಡ್ರಾಫ್ಟ್ಸ್‌ಮನ್ ಮೊದಲ ದಿನವೇ ಕಲಿಸಿದ್ದರು, "ಪೆನ್ಸಿಲ್ ಗೆರೆ ನಡುಗಿದ್ರೆ ನೀವೂ ನಡುಗಬೇಡಿ, ಸವರ್ಕೊಂಡು ಹೋಗಿ" ಎಂದು. ಸವರಿಕೊಂಡು ಹೋದೆ. ಪಕ್ಕದ ನೋಟದಲ್ಲಿ ಸವರಿದೆ, ಮೇಲಿನ ನೋಟದಲ್ಲಿ ಸವರಿದೆ, ಎದುರಿನ ನೋಟದಲ್ಲೂ ಸವರಿದೆ. ಮೂರು ಕಡೆಯೂ ಒಂದೇ ಜಾಗದಲ್ಲಿ, ಒಂದೇ ಅಳತೆಗೆ ನಡುಗುವ ಕೈ ಲೋಕದಲ್ಲಿ ಎಲ್ಲಾದರೂ ಉಂಟೇ? ನನ್ನ ತಲೆಗೆ ಅಷ್ಟು ಹೊಳೆಯಲಿಲ್ಲ. ಮುದುಕರ ಮೇಲಿನ ಮರುಕ ಎಂಥ ಸೊಕ್ಕು ಎಂದು ನನಗೆ ಆಗ ಗೊತ್ತಿರಲಿಲ್ಲ.

ಎಚ್ಚರವಾದ ಮೇಲೆ ಅವರು ಬಟ್ಟೆಯನ್ನು ಮುಖದ ಹತ್ತಿರ ಹಿಡಿದು ಬಾಗಿಲ ಬೆಳಕಿಗೆ ತಿರುಗಿದರು. ಅವರಿಗೆ ಬೆಳಕೊಂದೇ ಕಂಡಿರಬೇಕು. "ಗೆರೆ ಚೆನ್ನಾಗಿ ನಿಂತಿದೆ" ಎಂದರು. ಮರುವಾರ ನಾನೇ ನೀಲಿ ಪ್ರಿಂಟು ತೆಗೆಸಿ, ಬಸವನಗುಡಿ ಅಂಚೆ ಕಛೇರಿಯಲ್ಲಿ ರಿಜಿಸ್ಟರ್ ಮಾಡಿ ಕಳಿಸಿದೆ.

ಉತ್ತರಕ್ಕೆ ಐದು ತಿಂಗಳು ಕಾದರು. ದಿನಾ ಪೋಸ್ಟಿನವನ ಸೈಕಲ್ ಗಂಟೆಗೆ ಗೇಟಿಗೆ ಬರುತ್ತಿದ್ದರು. ಕಾಗದ ಬಂದಾಗ ಓದಿ ಹೇಳಲು ನನ್ನನ್ನೇ ಕರೆಸಿದರು. ತಾವು ಬರೆದಿರುವಂತೆ ಮೂತಿಯ ಕೆಳಗೆ ಉಬ್ಬು ಎಂಬುದೇನೂ ತಾವು ಕಳಿಸಿದ ನಕ್ಷೆಯಲ್ಲಿ ಇಲ್ಲ, ನಕ್ಷೆ ತೀರ ಸಾಮಾನ್ಯ ಹಡಗಿನದು, ತಮ್ಮ ವಯಸ್ಸನ್ನು ಗಮನಿಸಿ ವಿಶ್ರಾಂತಿ ಪಡೆಯುವುದು ಒಳ್ಳೆಯದು... ಬಹಳ ಮರ್ಯಾದೆಯ ಇಂಗ್ಲಿಷು. ಓದಿ ಮುಗಿಸಿ ಕಾಗದ ಮಡಚಿಟ್ಟೆ.

"ಉಬ್ಬಿಲ್ಲ ಅಂದ್ರಾ?" ಎಂದರು. ತಂಗಿಯ ಕೈಲಿ ಟ್ರೇಸಿಂಗ್ ತರಿಸಿ ಮೇಜಿನ ಮೇಲೆ ಹರವಿಸಿದರು. ತೋರುಬೆರಳು ಚಾಚಿ, "ನನ್ನ ಬೆರಳು ಹಿಡ್ಕೊಂಡು ಗೆರೆ ಮೇಲೆ ಓಡಿಸಮ್ಮ" ಎಂದರು.

ಹಿಡಿದುಕೊಂಡೆ. ತಣ್ಣಗಿತ್ತು. ತಳದಿಂದ ಗೆರೆಯ ಮೇಲೆಯೇ ಬಂದೆ. ಆ ಜಾಗ ಬಂತು. ಗೆರೆ ನೇರವಾಗಿ ಮೇಲೆ ಹೋಗಿತ್ತು. ಅಲ್ಲಿ ಬಾಯಿ ಬಿಟ್ಟು ಹೇಳಬಹುದಿತ್ತು. ಪೆನ್ಸಿಲ್ ಶೀಟು ಅದೇ ಮನೆಯಲ್ಲಿತ್ತು. ಒಂದು ಭಾನುವಾರ ಕೂತರೆ ಸರಿಹೋಗುತ್ತಿತ್ತು. ನಾನು ಅವರ ಬೆರಳನ್ನು ಗೆರೆಯಿಂದ ಇಳಿಸಿ, ಬರಿಯ ಬಟ್ಟೆಯ ಮೇಲೆ ಹೊರಕ್ಕೆ ಒಂದು ಸುತ್ತು ಓಡಿಸಿ ತಂದು ಮತ್ತೆ ಗೆರೆಗೆ ಸೇರಿಸಿದೆ.

ಅವರ ಮುಖ ಅರಳಿದ್ದು ನೋಡಬೇಕಿತ್ತು. "ಇದೆ! ಇದೆಯಲ್ಲ! ಕಳ್ಳ ನನ್ಮಕ್ಳು, ಬಿಚ್ಚಿ ಸಹ ನೋಡಿಲ್ಲ" ಎಂದು ಮೇಜು ಗುದ್ದಿದರು. ಅಷ್ಟು ದಿನ ಮುಚ್ಚಿಟ್ಟಿದ್ದನ್ನು ಆಗ ನನಗೆ ಹೇಳಿದರು. "ಹಡಗು ಹೋಗ್ತಾ ಮೂತಿ ಒಂದು ಅಲೆ ಎಬ್ಬಿಸುತ್ತೆ. ನೀರೊಳಗಿರೋ ಈ ಉಬ್ಬು ಇನ್ನೊಂದು ಎಬ್ಬಿಸುತ್ತೆ. ಇದರ ತಗ್ಗು ಅದರ ಏರಿಗೆ ಬಂದು ಕೂತ್ರೆ ಎರಡೂ ಅಡಗುತ್ವೆ. ಹಡಗು ಹಗುರಾಗಿ ಹೋಗುತ್ತೆ, ಕಲ್ಲಿದ್ದಲು ಉಳಿಯುತ್ತೆ. ಯುದ್ಧದ ಹಡಗಿಗೆ ಇದ್ರೆ ಸಾಕು, ಸರಕಿನ ಹಡಗಿಗೆ ಯಾಕೆ ಅಂತಾರೆ ದಡ್ಡರು. ಕೆರೇಲಿ ಉಬ್ಬಿರೋ ಹಡಗೇ ಮೊದಲು ದಡ ಮುಟ್ಟಿದ್ದನ್ನ ನಾನು ಕಣ್ಣಾರೆ ನೋಡಿದೀನಿ." ಇನ್ನೊಮ್ಮೆ ಬರೆಯೋಣವೇ ಎಂದು ತಂಗಿ ಕೇಳಿದ್ದಕ್ಕೆ, "ನೋಡದೆ ಉತ್ತರ ಬರೆಯೋರಿಗೆ ನಾನು ಕೈ ಮುಗಿಯಲ್ಲ" ಎಂದರು.

ಅಲ್ಲಿಗೂ ನನಗೆ ಇನ್ನೊಂದು ಅವಕಾಶ ಸಿಕ್ಕಿತು. ಕೆಲವು ತಿಂಗಳ ಮೇಲೆ ಅವರ ಮನೆಯ ಮುಂದೆ ಒಂದು ಕಾರು ಬಂದು ನಿಂತಿತು. ಕಾರು ನಿಂತರೆ ಬೀದಿಯೇ ಬಾಗಿಲಿಗೆ ಬರುತ್ತಿದ್ದ ಕಾಲ ಅದು. ಇಳಿದವರು ತಾತನ ಕೈಕೆಳಗೆ ಕೆಲಸ ಕಲಿತವರು, ಈಗ ಅದೇ ಕಾರ್ಖಾನೆಯಲ್ಲಿ ದೊಡ್ಡ ಹುದ್ದೆ. ತಾತ ಅವರನ್ನು ಒಳಗೆ ಸೇರಿಸಲಿಲ್ಲ. ತಂಗಿ ಅಳುತ್ತ ನನ್ನನ್ನು ತೋರಿಸಿರಬೇಕು, ಆತ ರಸ್ತೆ ದಾಟಿ ನಮ್ಮ ಗೇಟಿಗೆ ಬಂದರು.

"ಟ್ರೇಸ್ ಮಾಡಿದ್ದು ನೀವೇ ಅಂತಲ್ಲಮ್ಮ. ಪೆನ್ಸಿಲ್ ಶೀಟಲ್ಲಿ ಆ ಉಬ್ಬು ಇತ್ತಾ? ನಮ್ಮ ಮೇಷ್ಟ್ರು ಇಲ್ಲದ್ದನ್ನ ಬರೆಯೋರಲ್ಲ."

ಆಗ ನನ್ನ ಮದುವೆ ಗೊತ್ತಾಗಿತ್ತು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಟ್ರೇಸರ್ ಒಬ್ಬಳು ತನ್ನ ತಲೆ ಓಡಿಸಿ ನಕ್ಷೆ ಕೆಡಿಸಿದಳು ಎಂಬ ಮಾತು ಕಛೇರಿ ತಲುಪಿದರೆ ಎಂದು ಹೆದರಿದೆ. "ಅವರಿಗೆ ಕಣ್ಣು ಕಾಣಲ್ಲ ಸಾರ್... ಏನೇನೋ ಬರೆಸ್ತಾರೆ. ಶೀಟಲ್ಲೂ ಅಂಥದ್ದೇನಿರ್ಲಿಲ್ಲ" ಎಂದೆ. ಆತ "ಪಾಪ" ಎಂದು ಹೇಳಿ ಹೊರಟುಹೋದರು.

ಅಂದು ನಾನು ಅಂದುಕೊಂಡಿದ್ದ ಪಾಪವನ್ನೇ ಆತನ ಬಾಯಿಗೂ ಹಾಕಿ ಕಳಿಸಿದೆ.

ಆಮೇಲೆ ತಾತ ಎರಡು ವರ್ಷ ಬದುಕಿದ್ದರು. ಬೀದಿಯಲ್ಲಿ ಯಾರು ಹೋದರೂ ಜಗಲಿಯಿಂದ ಕೂಗಿ ಕರೆದು ಕಾರ್ಖಾನೆಯವರನ್ನು ಬೈಯುತ್ತಿದ್ದರು. ಜನ ತಪ್ಪಿಸಿಕೊಂಡು ಓಡಾಡತೊಡಗಿದರು. ಮದುವೆಯಾಗಿ ಬೇರೆ ಮನೆ ಸೇರಿದ್ದ ನಾನೂ ತವರಿಗೆ ಬಂದಾಗ ಹಿಂದಿನ ಬಾಗಿಲಿನಿಂದ ಹೋಗುತ್ತಿದ್ದೆ. ನಾನು ತುಂಬಿದ ಬಸುರಿ ಇದ್ದಾಗ ಅವರು ತೀರಿಕೊಂಡರು. ಹದಿನೈದು ದಿನ ಕಳೆದು ಅವರ ತಂಗಿ ಟ್ರೇಸಿಂಗಿನ ಸುರುಳಿ ಹಿಡಿದುಕೊಂಡು ನಮ್ಮಮ್ಮನ ಮನೆಗೆ ಬಂದರು.

"ಪೆನ್ಸಿಲ್ ಕಾಗದ ಎಲ್ಲ ಬಚ್ಚಲ ಒಲೆಗೆ ಹಾಕಿದೆ ಕಣೆ. ಇದು ಒಳ್ಳೆ ಬಟ್ಟೆ, ಕುದಿಸಿದ್ರೆ ಕೂಸಿಗಾಗುತ್ತೆ ಅಂತ ನೀನೇ ಹೇಳ್ತಿದ್ದೆಯಲ್ಲ" ಎಂದರು. ಹೊರಡುವಾಗ ತಿರುಗಿ ನಿಂತು, "ಕೊನೇ ತನಕ ನಿನ್ನ ಕೈ ಹೊಗಳ್ತಿದ್ದ. ಅದೊಂದು ಹುಡುಗಿ ಮಾತ್ರ ನಾನು ಹಾಕಿದ್ದನ್ನ ಹಾಕಿದ ಹಾಗೇ ಎಳೆದಿದ್ದು ಅಂತಿದ್ದ" ಎಂದರು.

ಅವರು ಗೇಟು ದಾಟುವುದನ್ನೇ ಕಾದು ಹಂಡೆಗೆ ನೀರು ಹಾಕಿದೆ. ಕೂಸಿಗೆಂದು ಅಲ್ಲ. ಯಾರ ಕೈಗೂ ಸಿಗಬಾರದೆಂದು. ಬಟ್ಟೆ ಮುಳುಗಿ, ಗಂಜಿ ಬಿಟ್ಟು, ನೀರು ಮಸಿಯಾಯಿತು. ಮೂರು ನೋಟಗಳೂ ಕರಗಿದವು. ಮೂತಿಯ ಕಡೆ ನಾನು ಗಟ್ಟಿಯಾಗಿ, ಎರಡೆರಡು ಸಲ ಮಸಿ ಹಾಕಿದ್ದೆ. ಆ ಒಂದು ಗೆರೆ ಎಷ್ಟು ಕುದಿಸಿದರೂ ಪೂರ್ತಿ ಬಿಡಲಿಲ್ಲ. ಅದಿದ್ದ ಚೌಕವನ್ನು ಕತ್ತರಿಸಿ ಟ್ರಂಕಿನ ತಳಕ್ಕೆ ಹಾಕಿ, ಉಳಿದದ್ದನ್ನು ಮಗಳಿಗೆ ಹೊಲಿದೆ.

ಮಗಳಿಗೆ ಮೂರೋ ನಾಲ್ಕೋ ವರ್ಷವಿದ್ದಾಗ ಕಛೇರಿಗೆ ಬಂದ ಒಂದು ವಿದೇಶಿ ಪತ್ರಿಕೆಯಲ್ಲಿ ನೀರಿನಿಂದ ಮೇಲೆತ್ತಿ ನಿಲ್ಲಿಸಿದ್ದ ಸರಕಿನ ಹಡಗಿನ ಚಿತ್ರ ನೋಡಿದೆ. ಜಪಾನಿನದು. ಮೂತಿಯ ಕೆಳಗೆ ದೊಡ್ಡ ಗಂಟಲುವಾಳ. ಹೊಸ ವಿಧಾನ, ಉರುವಲು ಉಳಿಸುತ್ತದೆ ಎಂದು ಕೆಳಗೆ ಬರೆದಿತ್ತು. ಪಕ್ಕದ ಮೇಜಿನವಳು "ಏನೇ ಅದು, ಹಡಗಿಗೆ ಗೆಡ್ಡೆ ಬಂದಿದೆ!" ಎಂದು ನಕ್ಕಳು. ನಾನು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೆ ಕಾಲುವೆ ಎಳೆಯಲು ಕೂತೆ. ಅವರ ನಕ್ಷೆ ಉಬ್ಬಿನೊಂದಿಗೇ ಹೋಗಿದ್ದರೂ ಕಾರ್ಖಾನೆಯವರು ಒಪ್ಪುತ್ತಿದ್ದರೋ ಇಲ್ಲವೋ... ಅದು ನನಗೆ ಗೊತ್ತಿಲ್ಲ. ಬೇಡ ಎನ್ನುವುದಾದರೆ ಅವರ ಹಡಗನ್ನು ನೋಡಿ ಬೇಡ ಎನ್ನಬೇಕಿತ್ತು. ಅವರು ಬೇಡ ಎಂದದ್ದು ನನ್ನದನ್ನು.

ಯಡಿಯೂರು ಕೆರೆಗೆ ಈಗ ಬೇಲಿ ಹಾಕಿದ್ದಾರೆ, ಬೆಳಗ್ಗೆ ಜನ ಸುತ್ತ ನಡೆಯುತ್ತಾರೆ. ಆ ಮನೆಯ ಜಾಗದಲ್ಲಿ ಮೂರಂತಸ್ತಿನ ಕಟ್ಟಡ ಎದ್ದಿದೆ. ಹಡಗಿನ ತಾತ ಎಂದರೆ ಯಾರು ಎಂದು ಕೇಳುವವರೂ ಆ ಬೀದಿಯಲ್ಲಿ ಉಳಿದಿಲ್ಲ. ನಾನು ಈ ಮಾತನ್ನು ಯಾರಿಗೂ ಹೇಳಿರಲಿಲ್ಲ, ಯಜಮಾನರಿಗೂ.

ಅಡುಗೆಮನೆಯಿಂದ ವಾಪಸು ಬಂದಾಗ ಮಗಳು ಆ ಚೌಕವನ್ನು ಕೂಸಿನ ಬಟ್ಟೆಗಳ ಸಾಲಿಗೆ ಸೇರಿಸಿ ಇಟ್ಟಿದ್ದಳು. ನಾನು ಎತ್ತಿಕೊಂಡೆ.

"ಇದು ಬೇಡ. ಆ ಗೆರೆ ಹೋಗಲ್ಲ, ಕುದಿಸಿ ನೋಡಿದೀನಿ" ಎಂದೆ.

"ಅಯ್ಯೋ, ಒಂದು ಗೆರೆಗೆ ಯಾಕಮ್ಮ ಅಷ್ಟು!" ಎಂದು ಅವಳು ನಕ್ಕಳು.

ಅವಳು ಬಸಳೆಸೊಪ್ಪು ತರಲು ಹೊರಗೆ ಹೋದ ಮೇಲೆ ಬಟ್ಟೆಯನ್ನು ತೊಡೆಯ ಮೇಲೆ ಹರವಿದೆ. ಈಗ ನನ್ನ ಕೈಯೂ ನಡುಗುತ್ತದೆ. ಕಣ್ಣು ಮುಚ್ಚಿಕೊಂಡು, ಎಡಗೈಯಿಂದ ಬಲಗೈಯ ತೋರುಬೆರಳು ಹಿಡಿದು, ತಳದಿಂದ ಮೇಲಕ್ಕೆ ಆ ಜಾಗದ ತನಕ ಓಡಿಸಿದೆ. ಹೊರಕ್ಕೆ ತಿರುಗಿಸಲು ನೋಡಿದೆ. ಎಲ್ಲಿಗೆ, ಎಷ್ಟು ಅಗಲ, ಯಾವ ಅಳತೆಗೆ ಎಂಬುದು ನೆನಪಿಗೆ ಬರಲಿಲ್ಲ.