ಮೇಸ್ತ್ರಿ ಹಾಕಿಕೊಟ್ಟ ಟಯರು

೧೯೫೭ರಲ್ಲಿ, ಆರನೇ ಕ್ಲಾಸಿನ ನಡುವೆ, ನಾನು ಓದು ನಿಲ್ಲಿಸಿದೆ. ಯಾರೂ ಬಿಡಿಸಲಿಲ್ಲ. ಮನೆಗೆ ದುಡಿಯುವ ಕೈ ಬೇಕಿತ್ತು, ನಾನೇ ಬಿಟ್ಟೆ. ಅಂದಿನಿಂದ ನನ್ನ ಅನ್ನ ನಾನೇ ದುಡಿದು ತಿಂದಿದ್ದೇನೆ. ತಲೆ ತಗ್ಗಿಸುವಂಥ ಕೆಲಸ ಮಾಡಿದವನಲ್ಲ ಎಂದು ಮಕ್ಕಳೆದುರು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆ ಮಾತು ಪೂರ್ತಿ ನಿಜವಲ್ಲ.

ಹೋದ ವಾರ ತೀರ್ಥಹಳ್ಳಿಯ ನನ್ನ ಟಯರ್ ಅಂಗಡಿಯಲ್ಲಿ ಕೆಲಸದವನೊಬ್ಬ ಕೈಗೆ ಹತ್ತಿದ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದುಕೊಂಡ. ಒರೆಸಿಕೊಳ್ಳದೆ ಅದೇ ಕೈಯಲ್ಲಿ ಒಂದು ಹೊಸ ಟ್ಯೂಬ್ ಎತ್ತಿದ. ರಬ್ಬರಿಗೆ ಸೀಮೆಎಣ್ಣೆ ತಾಗಿದರೆ ಒಂದು ವಾಸನೆ ಏಳುತ್ತದೆ... ನಾನು ಎದ್ದು ಹೊರಗೆ ಹೋಗಿ ಬಸ್ಸು ನೋಡುವವನ ಹಾಗೆ ನಿಂತೆ.

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಹೊಸನಗರದಲ್ಲಿದ್ದೆ. ಸೋಡಾ ಕಾರ್ಖಾನೆಯೊಂದರ ಪೆಟ್ಟಿಗೆಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ನಗರ ಎಂಬ ಪಕ್ಕದ ಊರಿನವರೆಗೂ ತುಳಿಯುವುದು ನನ್ನ ಕೆಲಸ. ಆ ಸೈಕಲ್ಲನ್ನು ನೋಡಿಕೊಳ್ಳುತ್ತಿದ್ದವರು ಮೇಸ್ತ್ರಿ. ತಗಡಿನ ಮಾಡಿನ ಸಣ್ಣ ಸೈಕಲ್ ಶಾಪು, ಮುಂದೆ ಪಂಕ್ಚರ್ ನೋಡಲು ನೀರು ತುಂಬಿದ ಬಾಣಲೆ. ಐವತ್ತರ ಆಸುಪಾಸಿನ ಮನುಷ್ಯ, ಮಾತು ಕಡಿಮೆ. ಮೇಸ್ತ್ರಿ ಹಾಕಿದ ಪ್ಯಾಚು ಬಿಡುವುದಿಲ್ಲ ಎನ್ನುವುದು ಊರಿನ ಮಾತು. ಆ ಮಾತೇ ಅವರ ಬಂಡವಾಳ. ಒಂದು ವರ್ಷ ಬಸ್ ಸ್ಟ್ಯಾಂಡಿನ ಹತ್ತಿರ ಗಾಜಿನ ಕಪಾಟಿನ ಹೊಸ ಶಾಪೊಂದು ಬಂತು. ಮೇಸ್ತ್ರಿಯ ಗಿರಾಕಿಗಳು ಒಬ್ಬೊಬ್ಬರೇ ಆ ಕಡೆ ಇಣುಕತೊಡಗಿದ್ದರು.

ಆ ವರ್ಷದ ನವರಾತ್ರಿಗೆ ಊರಿನ ಹುಡುಗರು ಸೇರಿ ಸೈಕಲ್ ಓಟ ಇಟ್ಟರು. ಬರೀ ರಸ್ತೆಯ ಓಟವಲ್ಲ. ಕೆರೆ ಏರಿ, ಗದ್ದೆಯ ಅಂಚು, ಸೈಕಲ್ ಹೆಗಲಿಗೇರಿಸಿ ದಾಟಬೇಕಾದ ಹಳ್ಳ, ಆಚೆ ಕಾಡಿನ ದಾರಿ, ಕೊನೆಗೆ ಜಂಬಿಟ್ಟಿಗೆ ಕಲ್ಲಿನ ಏರು, ಹೀಗೆ ಎರಡು ಸುತ್ತು. ಸೋಡಾ ಹೊತ್ತು ಗಟ್ಟಿಯಾದ ಕಾಲು ನನ್ನದು, ಗೆಲ್ಲುವವನು ನಾನೇ ಎಂದು ನಾನೇ ಸಾರಿಕೊಂಡು ತಿರುಗಿದೆ. ಹೊಸ ಶಾಪಿನವರು ತಮ್ಮದೊಂದು ಸೈಕಲ್ ಇಳಿಸುತ್ತಾರೆ ಎಂದು ಗೊತ್ತಾದಾಗ ಮೇಸ್ತ್ರಿ ನನ್ನನ್ನು ಕರೆದು, "ನಿನ್ನ ಸೈಕಲ್ ನಾ ಕಟ್ಟಿ ಕೊಡ್ತೀನಿ" ಎಂದರು. ಅವರ ಶಾಪಿನ ಹೆಸರೂ ನನ್ನ ಜೊತೆ ಓಡುತ್ತದೆ ಎಂದು ಇಬ್ಬರಿಗೂ ತಿಳಿದಿತ್ತು.

ಮೊದಲು ಅವರು ನನ್ನನ್ನು ಕರೆದುಕೊಂಡು ಇಡೀ ದಾರಿ ನಡೆದರು. ಚಪ್ಪಲಿ ಕೈಯಲ್ಲಿ ಹಿಡಿದು, ಅಲ್ಲಲ್ಲಿ ನಿಂತು ಹಿಮ್ಮಡಿಯಿಂದ ನೆಲ ಒತ್ತಿ ನೋಡುತ್ತಿದ್ದರು. ಗದ್ದೆಯಂಚಿನ ಜೇಡಿಮಣ್ಣಲ್ಲಿ ಹಿಮ್ಮಡಿ ಹೂತಿತು, ಏರಿನಲ್ಲಿ ಹೂಳಲಿಲ್ಲ. ಒಂದೇ ಟಯರು ಎರಡಕ್ಕೂ ಒಗ್ಗುವುದಿಲ್ಲ ಎಂದರು. ಮುಂದಿನ ಗಾಲಿಗೆ ಆಳವಾದ ಗೀರಿನ ಸಪೂರ ಟಯರು ಹಾಕಿದರು, ಅದು ಕೆಸರನ್ನು ಸೀಳಿಕೊಂಡು ದಾರಿ ಹಿಡಿಯಲಿ ಎಂದು. ಹಿಂದಕ್ಕೆ ಸೋಡಾ ಹೊರಲು ಮೊದಲೇ ಇದ್ದ ದಪ್ಪ ಹಲ್ಲಿನ ಟಯರನ್ನೇ ಉಳಿಸಿದರು. ಮಡ್‌ಗಾರ್ಡ್ ಬಿಚ್ಚಿದರು, ಇಲ್ಲದಿದ್ದರೆ ಜೇಡಿ ಅಲ್ಲಿ ಸಿಕ್ಕಿಕೊಂಡು ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದಂತೆ. ಗಾಳಿ ಮೆದುವಾಗಿರಬೇಕು, ಆದರೆ ಮೆದು ಗಾಳಿಯಲ್ಲಿ ಕಲ್ಲು ಹತ್ತಿದರೆ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬ್ ಸಿಕ್ಕಿ ಹರಿಯುತ್ತದೆ. ಅದಕ್ಕೆ ತೆಳು ಟ್ಯೂಬ್ ಬೇಡವೆಂದು ದಪ್ಪದ್ದನ್ನು ಹುಡುಕಿ ತೆಗೆದರು. ಗಾಳಿ ತುಂಬುವ ವಾಲಿಗೆ ಹೊಸ ವಾಲ್ ಟ್ಯೂಬ್ ಕತ್ತರಿಸಿ ಹಾಕಿದರು. ಈಗಿನವರಿಗೆ ಅದು ಗೊತ್ತಿರಲಿಕ್ಕಿಲ್ಲ. ಹಿತ್ತಾಳೆ ವಾಲಿನ ಮೇಲೆ ಬಿಗಿಯಾಗಿ ಏರಿಸುವ, ಹುಲ್ಲಿನ ಕಡ್ಡಿಯಷ್ಟು ದಪ್ಪದ ರಬ್ಬರ್ ನಳಿಗೆ. ಒಳಗೆ ಹೋದ ಗಾಳಿಯನ್ನು ಹೊರಗೆ ಬಿಡದೆ ಹಿಡಿಯುವುದು ಅದೊಂದೇ.

ಗಾಳಿ ಹಾಕಿ ಹೆಬ್ಬೆರಳಲ್ಲಿ ಒತ್ತಿ ನೋಡಿದರು. ನನಗೂ ಒತ್ತಿಸಿ ಅಂದಾಜು ಹಿಡಿಸಿದರು. ಓಟ ಇದ್ದದ್ದು ವಿಜಯದಶಮಿಯ ಬೆಳಿಗ್ಗೆ, ಹಿಂದಿನ ದಿನ ಆಯುಧಪೂಜೆ. ಸೈಕಲ್ ಕೈಗೆ ಕೊಡುವಾಗ ಮೇಸ್ತ್ರಿ ಹೇಳಿದ್ದು ಒಂದೇ ಮಾತು.

"ಪೂಜೆಗೆ ಹೂವು ಇಡು, ಕುಂಕುಮ ಇಡು. ರಬ್ಬರಿಗೆ ಎಣ್ಣೆ ಮುಟ್ಸಬೇಡ ಮಾರಾಯ."

ನನಗೆ ಆ ಸೈಕಲ್ ನೋಡಿ ಒಳಗೊಳಗೇ ಅವಮಾನವಾಗುತ್ತಿತ್ತು. ಮುಂದೊಂದು ಟಯರು, ಹಿಂದೊಂದು ಟಯರು, ಮಡ್‌ಗಾರ್ಡ್ ಇಲ್ಲದ ಬೋಳು ಗಾಲಿ. ಹೊಸ ಶಾಪಿನ ಸೈಕಲ್ಲು ಮದುವೆ ಗಂಡಿನ ಹಾಗೆ ಹೊಳೆಯುತ್ತಿತ್ತು. ನಮ್ಮ ಕಡೆ ಆಯುಧಪೂಜೆಗೆ ಸೈಕಲ್ ತಿಕ್ಕುವುದೆಂದರೆ ಸೀಮೆಎಣ್ಣೆಗೆ ಸ್ವಲ್ಪ ಕೊಬ್ಬರಿ ಎಣ್ಣೆ ಬೆರೆಸಿ ಬಟ್ಟೆಯಲ್ಲಿ ಒರೆಸುವುದು, ಎಲ್ಲರೂ ಮಾಡುವುದೇ. ನಾನೂ ರಿಮ್ಮು, ಕಡ್ಡಿ, ಟಯರಿನ ಪಕ್ಕೆ, ಎಲ್ಲಾ ಒರೆಸಿದೆ. ಹಿತ್ತಾಳೆ ಕಪ್ಪಾಗಿದೆ ಎಂದು ಎರಡೂ ವಾಲು ಬಿಚ್ಚಿ, ನಳಿಗೆ ಸಮೇತ, ಸೀಮೆಎಣ್ಣೆಯ ಲೋಟದಲ್ಲಿ ಅದ್ದಿಟ್ಟು ಊಟಕ್ಕೆ ಕೂತೆ. ಆಮೇಲೆ ಬೂದಿಯಲ್ಲಿ ತಿಕ್ಕಿ, ಚಿನ್ನದ ಹಾಗೆ ಮಾಡಿ, ಹಾಕಿ, ಗಾಳಿ ಹೊಡೆದೆ. ಹೆಬ್ಬೆರಳಲ್ಲಿ ಒತ್ತಿಯೂ ನೋಡಿದೆ.

ಬೆಳಿಗ್ಗೆ ಓಟದ ಮೊದಲ ಸುತ್ತಿನಲ್ಲಿ ಮೇಸ್ತ್ರಿ ಹೇಳಿದ್ದೆಲ್ಲಾ ನಿಜವಾಯಿತು. ಗದ್ದೆಯಂಚಿನಲ್ಲಿ ಉಳಿದವರೆಲ್ಲಾ ಇಳಿದು ತಳ್ಳುತ್ತಿದ್ದರೆ ನಾನು ತುಳಿದುಕೊಂಡೇ ಹೋದೆ. ಹೊಸ ಶಾಪಿನ ಹೊಳೆಯುವ ಸೈಕಲ್ಲಿನ ಮಡ್‌ಗಾರ್ಡಿನಲ್ಲಿ ಜೇಡಿ ಗಟ್ಟಿಯಾಗಿ ಅದರ ಹುಡುಗ ಹಳ್ಳದ ಹತ್ತಿರವೇ ನಿಂತು ಅದನ್ನು ಕೆರೆದು ತೆಗೆಯುತ್ತಿದ್ದ. ಎರಡನೇ ಸುತ್ತಿನ ಕೊನೆಯ ಏರಿನಲ್ಲಿ ನನ್ನ ಹಿಂದೆ ಯಾರೂ ಕಾಣುತ್ತಿರಲಿಲ್ಲ. ಅಲ್ಲಿ ಹಿಂದಿನ ಗಾಲಿ ಕೂತಿತು. ವಾಲಿನಿಂದ ಫಸ್ಸೆಂದು ಗಾಳಿ ಹೋಗಿ ರಿಮ್ಮು ಕಲ್ಲಿಗೆ ಬಡಿಯಿತು, ನಾನು ಮಂಡಿಯ ಮೇಲೆ ಬಿದ್ದೆ. ಎದ್ದು ಸೈಕಲ್ ತಳ್ಳಿಕೊಂಡು ಬರುವಷ್ಟರಲ್ಲಿ ನಾಲ್ಕು ಜನ ನನ್ನನ್ನು ದಾಟಿದ್ದರು. ಹೊಸ ಶಾಪಿನವನು ಮೂರನೆಯವನು.

ಅಷ್ಟು ಜನರ ಮುಂದೆ ಐದನೆಯವನಾಗಿ ಕುಂಟುತ್ತಾ ಬಂದವನಿಗೆ ಬಾಯಿ ಮೇಲೆ ಹಿಡಿತ ಇರಲಿಲ್ಲ. ಮೇಸ್ತ್ರಿ ಎದುರು ಬಂದರು. ಅವರು ಏನಾದರೂ ಕೇಳುವ ಮೊದಲೇ ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ:

"ಹಳೇ ವಾಲ್ ಟ್ಯೂಬ್ ಹಾಕಿ ಕಳ್ಸಿದ್ರಲ್ಲ ಮೇಸ್ತ್ರೇ. ನನ್ನ ಮರ್ಯಾದೆ ಕಳೆದ್ರಿ."

ಅವರು ಕೂತು, ವಾಲು ಬಿಚ್ಚಿ ತೆಗೆದರು. ನಳಿಗೆ ಉಬ್ಬಿ, ಸಡಿಲವಾಗಿ, ನೆನೆದ ಅಕ್ಕಿಕಾಳಿನ ಹಾಗೆ ಮೆತ್ತಗಾಗಿತ್ತು. ಅವರು ಅದನ್ನು ಮೂಗಿನ ಹತ್ತಿರ ಹಿಡಿದರು. ಪಕ್ಕದಲ್ಲೇ ನಿಂತ ನನಗೂ ವಾಸನೆ ಬಂತು. ಆಗ ನನಗೆ ಎಲ್ಲಾ ಗೊತ್ತಾಯಿತು.

ಹೊಸ ಶಾಪಿನ ಯಜಮಾನ ಗುಂಪಿನಿಂದ ನಕ್ಕ. "ಏನ್ ಮೇಸ್ತ್ರೇ, ಒಂದು ವಾಲ್ ಟ್ಯೂಬಿಗೂ ಬರಗಾಲ ಬಂತಾ? ನಮ್ಮಲ್ಲಿಗೆ ಬಂದಿದ್ರೆ ಒಂದು ತುಂಡು ಕೊಡ್ತಿರ್ಲಿಲ್ವಾ?"

ಜನ ನಕ್ಕರು. ಮೇಸ್ತ್ರಿ ನನ್ನ ಮುಖ ನೋಡಿದರು. ಬೈಯುವ ನೋಟವಲ್ಲ... ನಾನು ಬಾಯಿ ಬಿಡುತ್ತೇನೆಂದು ಕಾಯುತ್ತಿದ್ದರು, ಅಷ್ಟೆ. ಒಂದು ಮಾತು ಸಾಕಿತ್ತು. ನಾನು ಪೆಡಲ್ಲಿಗೆ ಹತ್ತಿದ ಕೆಸರು ನೋಡುತ್ತಾ ನಿಂತೆ. ಅವರು ವಾಲನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಎದ್ದರು.

"ಮಂಡಿ ಒಡೆದಿದೆ ನಿಂದು. ಹೋಗಿ ತೊಳ್ಕೊ" ಎಂದರು.

ಮರುದಿನ ಹೋಗಿ ಹೇಳಬೇಕೆಂದುಕೊಂಡೆ. ಮರುದಿನ ಮುಖ ತೋರಿಸಲು ಆಗಲಿಲ್ಲ. ಮೇಸ್ತ್ರಿ ಹಳೇ ಸಾಮಾನು ಹಾಕುತ್ತಾರೆ ಎಂಬ ಮಾತು ಸೋಡಾ ಕುಡಿಯುವವರ ಬಾಯಲ್ಲಿ ನನ್ನ ಎದುರಿಗೇ ಬಂದು ಹೋಯಿತು, ನಾನು ಖಾಲಿ ಬಾಟಲಿ ಎಣಿಸುತ್ತಲೇ ಇದ್ದೆ. ಅವರ ಶಾಪಿನ ಮುಂದೆ ಹಾಯುವುದನ್ನೂ ಬಿಟ್ಟೆ. ನನ್ನ ಸೈಕಲ್ಲಿಗೆ ಪಂಕ್ಚರಾದಾಗ ಹೊಸ ಶಾಪಿಗೆ ಹೋದೆ... ಇದನ್ನು ಬರೆಯುವುದು ಬೇರೆಲ್ಲದಕ್ಕಿಂತ ಕಷ್ಟ. ಮೇಸ್ತ್ರಿ ಕಟ್ಟಿದ ಸೈಕಲ್ ಓಡಿಸಿದವನೇ ಅಲ್ಲಿಗೆ ಹೋದ ಮೇಲೆ ಬೇರೆಯವರು ಯಾಕೆ ನಿಲ್ಲುತ್ತಾರೆ? ಮುಂದಿನ ಮಳೆಗಾಲಕ್ಕೆ ತಗಡಿನ ಮಾಡಿನ ಆ ಶಾಪು ಮುಚ್ಚಿತ್ತು.

ನಾಲ್ಕೈದು ವರ್ಷದ ಮೇಲೆ ಸಾಗರದಲ್ಲಿ ಅವರನ್ನು ಕಂಡೆ. ತಾಳಗುಪ್ಪದ ದಾರಿಯಲ್ಲಿ ಬೇರೊಬ್ಬರ ಸೈಕಲ್ ಶಾಪಿನಲ್ಲಿ ಕೂಲಿಗೆ ಕೂತಿದ್ದರು. ಗಾಳಿ ಹಾಕಿಸಲು ನಿಂತ ಮೇಲೆಯೇ ನನಗೆ ಗುರುತಾದದ್ದು. ಊರಿನ ಸುದ್ದಿ ಕೇಳಿದರು, ನನ್ನ ತಾಯಿಯ ಆರೋಗ್ಯ ಕೇಳಿದರು. ಪಂಪು ಹಿಡಿದು, ಬೇರೆ ಗಿರಾಕಿಗಳನ್ನು ಕೇಳುವ ಹಾಗೆಯೇ, "ಎಷ್ಟು ಗಾಳಿ ಹಾಕ್ಲಿ?" ಎಂದರು. ನಮ್ಮ ಊರಿನಲ್ಲಿ ಯಾರನ್ನೂ ಹಾಗೆ ಕೇಳಿದವರಲ್ಲ, ಹೆಬ್ಬೆರಳು ಒತ್ತಿ ತಾವೇ ತೀರ್ಮಾನಿಸುತ್ತಿದ್ದರು. ತಪ್ಪು ಹೇಳಿಕೊಳ್ಳಬೇಕೆಂದಿದ್ದವನು ಜೇಬಿನಲ್ಲಿ ಚಿಲ್ಲರೆ ಹುಡುಕಿದೆ.

"ನೀವು ಹಾಕಿದಷ್ಟು" ಎಂದೆ. ಅದಷ್ಟೇ ಹೇಳಿದ್ದು.

ಇನ್ನೊಂದು ಸಲ ಗಟ್ಟಿ ಮನಸ್ಸು ಮಾಡಿ ಹೋದಾಗ ಅವರು ಅಲ್ಲಿರಲಿಲ್ಲ. ತೀರಿಕೊಂಡು ಎರಡು ತಿಂಗಳಾಯಿತು ಎಂದು ಶಾಪಿನವರು ಹೇಳಿದರು.

ಈಗ ಇದನ್ನು ಬರೆದು ಏನಾಗಬೇಕು? ಅವರಿಗೆ ಏನೂ ಆಗುವುದಿಲ್ಲ. ಆದರೆ ಹೊಸನಗರದ ಹಳಬರು ಒಬ್ಬಿಬ್ಬರಾದರೂ ಓದಬಹುದು. ಆ ವಾಲ್ ಟ್ಯೂಬ್ ಹೊಸದಾಗಿತ್ತು. ಹಾಳು ಮಾಡಿದವನು ನಾನು.

ಈಗ ನನಗಿರುವುದು ಒಂದು ಅಂಗಡಿ, ಇಬ್ಬರು ಕೆಲಸದವರು, ಹೆಂಚಿನ ಮನೆ ಒಂದು, ಗದ್ದೆ ಒಂದೂವರೆ ಎಕರೆ, ಹೆಂಡತಿ, ಇಬ್ಬರು ಮಕ್ಕಳು, ಮೂವರು ಮೊಮ್ಮಕ್ಕಳು. ತಪ್ಪಾಯಿತು ಎಂದು ಹೇಳಲು ಮೇಸ್ತ್ರಿಯ ಮನೆಯವರು ಯಾರೂ ನನಗೆ ಗೊತ್ತಿಲ್ಲ.